ಇರುವೆಗಳ ರಿಪೋರ್ಟು

"ಭೀಮಶಿ, ನಿನ್ನಿಂದ ಒಂದು ಕೆಲಸ ಆಗಬೇಕಾಗೈತಿ. ನಗಬಾರದು ಮತ್ತ."

ಕಡಲೆ ಹೊಲದ ಒಡ್ಡಿನ ಮೇಲೆ ನಿಂತು ಶಟ್ಟೆಪ್ಪ ಹೇಳಿದ. ಭೀಮಶಿ ಪಕ್ಕದ ಹೊಲದವನು. ಇಬ್ಬರೂ ಸಾಲಹಳ್ಳಿಯ ಶಾಲೆಗೆ ಕೂಡಿಯೇ ಸೇರಿ, ಕೂಡಿಯೇ ಬಿಟ್ಟು, ಅಂದಿನಿಂದ ಒಬ್ಬರ ಕೆಲಸಕ್ಕೆ ಇನ್ನೊಬ್ಬರು ಹೆಗಲು ಕೊಡುತ್ತ ಬಂದವರು. ಅವರ ನಡುವೆ ಮುಚ್ಚುಮರೆ ಎಂಬುದು ಇರಲಿಲ್ಲ. ಆದರೂ ಇದನ್ನು ಹೇಗೆ ಕೇಳುವುದು?

"ಎತ್ತು ಬೇಕೇನು?" ಎಂದ ಭೀಮಶಿ.

"ಎತ್ತಲ್ಲ. ಅಲ್ಲಿ ಎರಡು ಹಾಸುಗಲ್ಲು ಕಾಣತಾವಲಾ? ಆ ಕಡೀ ಕಲ್ಲಿನ ಮ್ಯಾಲೆ ನೀ ಒಂದಕ್ಕ ಮಾಡಬೇಕು."

ಭೀಮಶಿ ಕಲ್ಲನ್ನು ನೋಡಿದ, ಗೆಳೆಯನ ಮುಖವನ್ನು ನೋಡಿದ. "ಲೇ ಶಟ್ಟ್ಯಾ, ಇನ್ನೂ ಬಿಸಲ ಏರಿಲ್ಲ. ಅಷ್ಟರಾಗ ತಲಿ ಕೆಟ್ಟಿತೇನು?"

"ತಲಿ ಛಲೋ ಐತಿ. ಈ ಕಡೀ ಕಲ್ಲು ನಂದು. ಆಮ್ಯಾಲ ಬೇವಿನ ಗಿಡದ ಬುಡಕ ಸ್ವಲ್ಪ ಹೊತ್ತು ಕುಂಡ್ರೂಣು. ಯಾರ ಕಲ್ಲಿಗೆ ಇರವಿ ಬರತಾವು ನೋಡೂಣು."

"ಪಂದ್ಯಾ ಏನು? ಗೆದ್ದರ ಏನ್ ಕೊಡತಿ?"

"ಚ್ಯಾಷ್ಟಿ ಬ್ಯಾಡೋ ಮಾರಾಯಾ. ನನ್ನ ಜೀವದ ಪ್ರಶ್ನೆ ಐತಿ."

ಅವನ ದನಿ ಕೇಳಿ ಭೀಮಶಿ ನಗುವನ್ನು ನುಂಗಿಕೊಂಡ. ಹೋಗಿ ಹೇಳಿದಂತೆ ಮಾಡಿ ಬಂದ.

ಶಟ್ಟೆಪ್ಪ ಯಾವ ಕೆಲಸವನ್ನೂ ಅರೆಬರೆ ಮಾಡುವ ಮನುಷ್ಯನಲ್ಲ. ಹಿಂದಿನ ಸಂಜೆಯೇ ಎರಡೂ ಕಲ್ಲುಗಳನ್ನು ಬಾವಿಯ ನೀರಿನಿಂದ ತೊಳೆದು ಒಣಗಿಸಿದ್ದ. ಸುತ್ತ ಎಲ್ಲಿಯೂ ರೊಟ್ಟಿಯ ಚೂರಾಗಲಿ ಬೆಲ್ಲದ ಹರಳಾಗಲಿ ಬಿದ್ದಿಲ್ಲವೆಂದು ಬಗ್ಗಿ ಬಗ್ಗಿ ನೋಡಿದ್ದ. ಕಬ್ಬಿನ ಹೊಲದ ಇರುವೆಗಳು ಹೇಗೂ ಸಿಹಿಯ ಜಾಡಿನಲ್ಲೇ ಇರುವಂಥವು, ಅವುಗಳ ಮಾತನ್ನು ನಂಬಲಾಗದು ಎಂದು ಕಡಲೆ ಹೊಲವನ್ನು ಆರಿಸಿದ್ದ. ಇಷ್ಟಾದರೂ ಮನಸ್ಸು ಒಪ್ಪದೆ, ತನ್ನ ಕಲ್ಲಿನ ಜೊತೆಗೆ ಸಕ್ಕರೆ ಕಾಯಿಲೆ ಇಲ್ಲದವನೊಬ್ಬನ ಕಲ್ಲೂ ಇರಬೇಕು, ಇಲ್ಲದಿದ್ದರೆ ಸುಮ್ಮನೆ ಹೆದರಿದಂತಾಗುತ್ತದೆ ಎಂದುಕೊಂಡಿದ್ದ.

ಸುಮ್ಮನೆ ಹೆದರಿದ್ದೇ ಆಗಲಿ ಎಂದು ಅವನು ಒಳಗೊಳಗೇ ಬೇಡಿಕೊಂಡಿದ್ದ. ಆದರೆ ಬೇವಿನ ನೆರಳಿನಿಂದ ಎದ್ದು ಹೋಗಿ ನೋಡಿದಾಗ ಭೀಮಶಿಯ ಕಲ್ಲು ಒಣಗಿ ಬರೀ ಒಂದು ಕಲೆ ಉಳಿದಿತ್ತು. ಶಟ್ಟೆಪ್ಪನ ಕಲ್ಲಿಗೆ ಒಡ್ಡಿನ ಬಿರುಕಿನಿಂದ ಕರೀ ಇರುವೆಗಳ ಸಾಲು ಹರಿದು ಬಂದು, ಕಲ್ಲಿನ ಅಂಚು ಕಾಣದಂತೆ ಮುತ್ತಿತ್ತು.

"ಅಬಬಬಾ," ಎಂದ ಭೀಮಶಿ. ಆಮೇಲೆ ಏನಾದರೂ ಅನ್ನಬೇಕಲ್ಲ ಎಂದು, "ನಿಂದು ಭಾರಿ ರುಚಿ ಐತಿ ಬಿಡು," ಎಂದ.

ಶಟ್ಟೆಪ್ಪ ನಗಲಿಲ್ಲ.

ಕೆಲವು ವರ್ಷಗಳ ಹಿಂದೆ ಅವನ ಕಾಯಿಲೆಯನ್ನು ಮೊದಲು ಕಂಡುಹಿಡಿದದ್ದೇ ಇರುವೆಗಳು. ಆಗ ಅವನ ಅಪ್ಪ ಇನ್ನೂ ಇದ್ದ. ಹಿತ್ತಲಿನಲ್ಲಿ ಇರುವೆ ಮುತ್ತಿದ್ದನ್ನು ಕಂಡು ಅವನೇ ಮಗನನ್ನು ರಾಮದುರ್ಗಕ್ಕೆ ಅಟ್ಟಿದ್ದ. ಗುಳಿಗೆ ಶುರುವಾದ ಮೇಲೆ ಇರುವೆಗಳು ದಿನದಿಂದ ದಿನಕ್ಕೆ ಕಡಿಮೆಯಾಗಿ ಕೊನೆಗೆ ಬರುವುದನ್ನೇ ಬಿಟ್ಟವು. ಅಂದಿನಿಂದ ಶಟ್ಟೆಪ್ಪನಿಗೆ ಲ್ಯಾಬಿನವರು ಕೊಡುವ ಅಂಕಿಗಿಂತ ಇರುವೆಗಳ ಮೇಲೆಯೇ ಹೆಚ್ಚು ಭರವಸೆ. ಅಂಕಿ ಅವನಿಗೆ ತಿಳಿಯುತ್ತಿರಲಿಲ್ಲ. ಇರುವೆ ಬಂತೆಂದರೆ ಸಕ್ಕರೆ ಏರಿದೆ, ಬರಲಿಲ್ಲವೆಂದರೆ ಇಳಿದಿದೆ. ಇದರಲ್ಲಿ ತಿಳಿಯದಿರುವುದು ಏನಿದೆ?

ಕಳೆದ ದೀಪಾವಳಿಗೆ ಮುಂಚೆ ರಾಮದುರ್ಗದ ಡಾಕ್ಟರ್ ಪ್ರಿಯಂವದಾ ಅವನ ಗುಳಿಗೆಯನ್ನು ಬದಲಿಸಿದ್ದರು. ಎರಡು ಗುಳಿಗೆಗಳಲ್ಲಿ ದೊಡ್ಡದನ್ನು ಹಾಗೆಯೇ ಉಳಿಸಿ ಸಣ್ಣದನ್ನು ನಿಲ್ಲಿಸಿದ್ದರು. ಊಟ ತಡವಾದಾಗಲೆಲ್ಲ ಆ ಸಣ್ಣ ಗುಳಿಗೆಯಿಂದ ಅವನಿಗೆ ಬೆವರು ಬಂದು ಕೈ ನಡುಗುತ್ತಿತ್ತು. ಅದರ ಬದಲಿಗೆ ಬೇರೆ ಹೊಸ ಗುಳಿಗೆ ಕೊಟ್ಟು, ನೀರು ಜಾಸ್ತಿ ಕುಡಿಯಿರಿ, ಮೂತ್ರ ಹೆಚ್ಚು ಹೋದರೆ ಹೆದರಬೇಡಿ ಎಂದಿದ್ದರು. ಬರೆಯುತ್ತ ಬರೆಯುತ್ತಲೇ ಇನ್ನೊಂದು ಮಾತನ್ನೂ ಸೇರಿಸಿದ್ದರು: "ಇದರಿಂದನೂ ಹತೋಟಿಗೆ ಬರಲಿಲ್ಲ ಅಂದ್ರ ಮುಂದ ಇನ್ಸುಲಿನ್ ಸೂಜಿ ವಿಚಾರ ಮಾಡೋಣಂತ."

ಉಳಿದ ಮಾತುಗಳೆಲ್ಲ ಬಸ್ಸಿನಲ್ಲೇ ಮರೆತುಹೋದವು. ಈ ಒಂದು ಮಾತು ಮಾತ್ರ ಅವನ ಜೊತೆ ಮನೆಗೆ ಬಂತು.

ಸೂಜಿ ಎಂದರೆ ಅವನಿಗೆ ದೊಡ್ಡಪ್ಪನ ಮಗ ಲಗಮಪ್ಪನ ನೆನಪು. ಲಗಮಪ್ಪನಿಗೂ ಸಕ್ಕರೆ ಕಾಯಿಲೆ. ಅವನಿಗೆ ಸೂಜಿ ಶುರು ಮಾಡಿದ ವರ್ಷವೇ ಬಲಗಾಲಿನ ಹೆಬ್ಬೆರಳು ಕಪ್ಪಾಯಿತು, ಆಮೇಲೆ ಮುಂಗಾಲು ಹೋಯಿತು. ಈಗ ಕಟ್ಟೆಯ ಮೇಲೆ ಕುಳಿತು ಬೇರೆಯವರ ಎತ್ತುಗಳು ಹೊಲಕ್ಕೆ ಹೋಗುವುದನ್ನು ನೋಡುತ್ತಾನೆ. ಮೊದಲು ಸೂಜಿ, ಆಮೇಲೆ ಬೆರಳು, ಆಮೇಲೆ ಕಟ್ಟೆ. ಶಟ್ಟೆಪ್ಪನ ಲೆಕ್ಕದಲ್ಲಿ ಈ ದಾರಿಗೆ ಅಡ್ಡದಾರಿಯೇ ಇರಲಿಲ್ಲ. ಹುಟ್ಟಿದಾಗಿನಿಂದ ಬರಿಗಾಲಲ್ಲಿ ಹೊಲ ತುಳಿದವನು ಅವನು. ಕಬ್ಬಿನ ಸಾಲಿಗೆ ನೀರು ತುಂಬಿತೋ ಇಲ್ಲವೋ ಎಂಬುದು ಕಣ್ಣಿಗಿಂತ ಮೊದಲು ಅವನ ಪಾದಕ್ಕೆ ತಿಳಿಯುತ್ತಿತ್ತು.

"ಮನ್ಯಾಗ ಸುಂದರವ್ವಗ ಹೇಳಬ್ಯಾಡ," ಎಂದ ಭೀಮಶಿಗೆ. "ಡಾಕ್ಟರಬಾಯಾರ ಕಿವಿಗಂತೂ ಬೀಳಬಾರದು."

"ಮತ್ತ ಏನ್ ಮಾಡಾವ ನೀ?"

"ಇಳಸತೇನಿ."

ಇಳಿಸುವ ದಾರಿಯನ್ನು ಅವನಾಗಲೇ ಗೊತ್ತು ಮಾಡಿಕೊಂಡಿದ್ದ. ನಿಲ್ಲಿಸಿದ ಸಣ್ಣ ಗುಳಿಗೆಗಳನ್ನು ಅವನು ಎಸೆದಿರಲಿಲ್ಲ. ಅವು ದೇವರ ಗೂಡಿನ ಪಕ್ಕದ ಡಬ್ಬಿಯಲ್ಲಿ ಹಾಗೆಯೇ ಇದ್ದವು. ಅವನ್ನು ನುಂಗುವಾಗ ಇರುವೆ ಬರುತ್ತಿರಲಿಲ್ಲ, ಹೊಸದನ್ನು ನುಂಗತೊಡಗಿದ ಮೇಲೆ ಬಂದಿವೆ. ಎರಡನ್ನೂ ಕೂಡಿಸಿ ನುಂಗಿದರೆ ಎಂಥ ಇರುವೆಯಾದರೂ ಓಡಲೇಬೇಕು. ಜೊತೆಗೆ ಊಟವನ್ನೂ ಕಡಿಮೆ ಮಾಡಿದರಾಯಿತು. ಡಾಕ್ಟರರ ಮಾತನ್ನು ಮೀರುತ್ತಿದ್ದೇನಲ್ಲ ಎಂಬ ಅಳುಕು ಇತ್ತು. ಇದು ಸರಿಯೋ ತಪ್ಪೋ ಎಂದು ರೊಟ್ಟಿ ಮುರಿಯುವಾಗಲೂ ಯೋಚಿಸಿದ, ಎತ್ತಿಗೆ ಮೇವು ಹಾಕುವಾಗಲೂ ಯೋಚಿಸಿದ. ಎಷ್ಟು ಯೋಚಿಸಿದರೂ ಸೂಜಿಯ ಭಯವೇ ಮೇಲಾಯಿತು.

ಹೆಂಡತಿ ಸುಂದರವ್ವನ ಕಣ್ಣಿಗೆ ಗುಳಿಗೆ ಬೀಳಲಿಲ್ಲ, ಉಳಿದ ರೊಟ್ಟಿ ಬಿತ್ತು.

"ಏನ್ರಿ, ನನ್ನ ರೊಟ್ಟಿಗೆ ಏನಾಗೈತಿ? ಎರಡು ಹೊತ್ತಾತು, ಬುಟ್ಟಿ ತುಂಬಿದ್ದು ತುಂಬಿದಂಗ ಐತಿ."

"ಹಸಿವಿಲ್ಲ."

"ಹಸಿವಿಲ್ಲಂತ! ಮದಿವ್ಯಾದಾಗಿಂದ ಈ ಮಾತು ಕೇಳಿಲ್ಲ ನಾ. ಯಾರ ಮನ್ಯಾಗ ಉಂಡು ಬರಾಕ ಹತ್ತೀರಿ ಹೇಳ್ರಿ, ಹೋಗಿ ಅಕಿಗೆ ಒಂದು ಸೀರಿ ಉಡಿಸಿ ಬರತೇನಿ."

ಶಟ್ಟೆಪ್ಪ ಮಾತು ಮರೆಸಿ ಎದ್ದುಹೋದ. ಸುಂದರವ್ವ ಅವನ ಬೆನ್ನನ್ನೇ ನೋಡುತ್ತ ನಿಂತಳು.

ಮರುದಿನ ಮುಂಜಾನೆ ಮತ್ತೆ ಕಲ್ಲಿನ ಬಳಿಗೆ ಹೋದ. ಇರುವೆಗಳು ಹಾಗೆಯೇ ಇದ್ದವು. ಒಂದು ಸಣ್ಣ ಗುಳಿಗೆಗೆ ಬಗ್ಗಲಿಲ್ಲವೆಂದು ಮನೆಗೆ ಬಂದು ಎರಡನ್ನು ನುಂಗಿದ. ಬರೀ ಹೊಟ್ಟೆಯಲ್ಲಿ ಒಂದು ಲೋಟ ಮಜ್ಜಿಗೆ ಕುಡಿದು, ಮುಂಜಾನೆಯ ನ್ಯಾರಿಯೂಟ ಹೊಲಕ್ಕೇ ತಾ ಎಂದು ಹೆಂಡತಿಗೆ ಹೇಳಿ, ಕಬ್ಬಿಗೆ ನೀರು ಬಿಡಲು ಹೋದ. ಕರೆಂಟು ಬಂದ ಹೊತ್ತಿಗೆ ಪಂಪು ಹಚ್ಚಬೇಕಿತ್ತು.

ಮೊದಲ ಸಾಲುಗಳಿಗೆ ನೀರು ಚೆನ್ನಾಗಿಯೇ ಹರಿಯಿತು. ಆಮೇಲೆ ಯಾವಾಗಲೋ ಸಲಿಕೆ ಭಾರವೆನಿಸತೊಡಗಿತು. ಜನವರಿಯ ತಂಪಿನಲ್ಲಿ ಹಣೆಯ ಮೇಲೆ ಬೆವರು ಮೂಡಿತು, ಕುತ್ತಿಗೆಗೆ ಇಳಿಯಿತು, ಅಂಗಿ ಬೆನ್ನಿಗೆ ಅಂಟಿತು. ಎದೆ ಡವಡವ ಹೊಡೆದುಕೊಂಡಿತು. ಈ ಸಾಲಿನ ಬಾಯಿ ಕಟ್ಟಿ ಮುಂದಿನದನ್ನು ಬಿಡಬೇಕು ಎಂದುಕೊಂಡ. ಯಾವ ಸಾಲು? ಹುಟ್ಟಿದಾಗಿನಿಂದ ಮಾಡಿದ ಕೆಲಸ, ಮುಂದೆ ಏನು ಮಾಡಬೇಕೆಂದು ಅವನಿಗೆ ಹೊಳೆಯಲೇ ಇಲ್ಲ. ನೀರು ಸಾಲು ಮೀರಿ ದಾರಿಗೆ ಹರಿಯಿತು. ಅದನ್ನು ನೋಡುತ್ತ ನಿಂತ. ಸಿಟ್ಟು ಬಂತು. ಯಾರ ಮೇಲೆಂದು ಗೊತ್ತಾಗಲಿಲ್ಲ.

"ಅಯ್ಯ, ನೀರೆಲ್ಲಾ ದಾರಿಗೆ ಹರೀತಲ್ರಿ!" ಸುಂದರವ್ವ ಬುತ್ತಿಯನ್ನು ಹೊತ್ತು ಬಂದಿದ್ದಳು.

"ಹರದರ ಹರೀಲಿ! ನಿಮ್ಮಪ್ಪನ ನೀರೇನು?"

ಶಟ್ಟೆಪ್ಪ ಹೆಂಡತಿಗೆ ಎಂದೂ ಹೀಗೆ ಬೈದವನಲ್ಲ. ಸುಂದರವ್ವ ಬುತ್ತಿಯನ್ನು ಕೆಳಗಿಟ್ಟು ಹತ್ತಿರ ಬಂದಳು. ತೊಯ್ದ ಅಂಗಿಯನ್ನು ಕಂಡಳು, ನಡುಗುವ ಬೆರಳುಗಳನ್ನು ಕಂಡಳು. ಹಿಂದೆ ಸಣ್ಣ ಗುಳಿಗೆಯ ಕಾಲದಲ್ಲಿ ಡಾಕ್ಟರಬಾಯಿ ಅವಳ ಕೈ ಹಿಡಿದು ಹೇಳಿದ್ದರು: ಇವರು ಬೆವೆತು ನಡುಗಿದರೆ ಮೊದಲು ಸಿಹಿ ಕೊಡಿ, ಮಾತು ಆಮೇಲೆ. ಅವಳು ಬುತ್ತಿಯಿಂದ ಬೆಲ್ಲವನ್ನು ತೆಗೆದು ಅವನ ಬಾಯಿಗೆ ಹಿಡಿದಳು.

ಶಟ್ಟೆಪ್ಪನಿಗೆ ಕಂಡದ್ದು ಬೆಲ್ಲ ಮಾತ್ರ. ಬೆಲ್ಲ! ಎಷ್ಟು ಕಷ್ಟಪಟ್ಟು ಇಳಿಸುತ್ತಿದ್ದೇನೆ, ಇವಳು ಏರಿಸಲು ಬಂದಿದ್ದಾಳೆ. ಹಲ್ಲು ಕಚ್ಚಿ ಮುಖ ತಿರುಗಿಸಿದ. "ಒಲ್ಲೆ! ಇರವಿ... ಇರವಿ ಬರತಾವು..." ಎನ್ನುತ್ತ ಅಲ್ಲೇ ಒಡ್ಡಿನ ಮೇಲೆ ಕುಸಿದು ಕುಳಿತ.

"ಭೀಮಶಣ್ಣಾ! ಓಡಿ ಬಾರೋ!"

ಭೀಮಶಿ ಬಂದು ಹಿಂದಿನಿಂದ ಅವನನ್ನು ಎದೆಗೆ ಒರಗಿಸಿಕೊಂಡ. ಸುಂದರವ್ವ ಬೆಲ್ಲವನ್ನು ತಂಬಿಗೆಯ ನೀರಿನಲ್ಲಿ ಹಿಸುಕಿ ಕಲಸಿದಳು. ತುಟಿಗೆ ಹಚ್ಚಿದರೆ ಅವನು ಕೈಯಿಂದ ತಳ್ಳಿಬಿಟ್ಟ. ಅರ್ಧ ನೀರು ಅವಳ ಸೀರೆಯ ಮೇಲೆ ಚೆಲ್ಲಿತು. "ಬಾಯಿ ತಗೀಲೇ ಶಟ್ಟ್ಯಾ," ಎಂದು ಭೀಮಶಿ ಗದರಿಸಿದ. ಬಾಯಿ ಇನ್ನಷ್ಟು ಬಿಗಿಯಿತು.

ಸುಂದರವ್ವ ತಂಬಿಗೆಯನ್ನು ಹಿಂದಕ್ಕೆ ಸರಿಸಿದಳು. ಆಮೇಲೆ ದನಿಯನ್ನು ತಗ್ಗಿಸಿ, ದಿನಾ ಹೇಳುವ ಹಾಗೆ ಹೇಳಿದಳು: "ಏನ್ರಿ, ಔಷಧದ ಹೊತ್ತಾತು. ಡಾಕ್ಟರಬಾಯಾರು ಕೊಟ್ಟಿದ್ದು. ತಗೊಂಡಬಿಡ್ರಿ."

ಔಷಧ ಎಂಬ ಮಾತು ಮಂಜಿನೊಳಗಿಂದ ಅವನ ಕಿವಿಗೆ ಬಿತ್ತು. ಔಷಧವನ್ನು ಹೊತ್ತಿಗೆ ಸರಿಯಾಗಿ ತೆಗೆದುಕೊಳ್ಳಬೇಕು. ಇಷ್ಟು ವರ್ಷಗಳಲ್ಲಿ ಅವನು ಒಂದು ಹೊತ್ತೂ ತಪ್ಪಿಸಿದವನಲ್ಲ. ವಿಧೇಯ ಹುಡುಗನಂತೆ ಬಾಯಿ ತೆರೆದ. ಗುಟುಕು ಗುಟುಕಾಗಿ ಎಲ್ಲವನ್ನೂ ಕುಡಿದ.

ಸ್ವಲ್ಪ ಹೊತ್ತಿನಲ್ಲಿ ಮೊದಲು ಪಂಪಿನ ಸದ್ದು ಕೇಳಿಸಿತು. ಆಮೇಲೆ ಕಬ್ಬಿನ ಗರಿಗಳು ಒಂದೊಂದಾಗಿ ಕಂಡವು. ಆಮೇಲೆ ನಾಲಿಗೆಗೆ ಬೆಲ್ಲದ ರುಚಿ ತಿಳಿಯಿತು.

"ಏ! ಬೆಲ್ಲಾ ಕುಡಿಸಿದೇನ?"

"ಹೂಂ, ಕುಡಿಸೇನಿ. ಇನ್ನೊಂದು ತಂಬಿಗಿ ಕುಡಸತೇನಿ, ಏನ್ ಮಾಡತೀರಿ?" ಎಂದಳು ಸುಂದರವ್ವ. ಹಾಗೆನ್ನುತ್ತಲೇ ಅತ್ತುಬಿಟ್ಟಳು.

ಊರಿನ ಅರ್ಜುನನ ಟಂಟಂನಲ್ಲಿ ಅವನನ್ನು ಕೂರಿಸಿಕೊಂಡು ರಾಮದುರ್ಗಕ್ಕೆ ಹೊರಟರು. ದಾರಿಯುದ್ದಕ್ಕೂ ಸುಂದರವ್ವ ರೊಟ್ಟಿಯನ್ನು ಮುರಿದು ಅವನ ಬಾಯಿಗಿಟ್ಟಳು. ಅವನು ಎದುರಾಡಲಿಲ್ಲ. ಅವನ ತಲೆಯಲ್ಲಿ ಒಂದೇ ಮಾತು ಸುತ್ತುತ್ತಿತ್ತು: ಇವತ್ತು ಸೂಜಿ ತಪ್ಪಿದ್ದಲ್ಲ.

ಡಾಕ್ಟರ್ ಪ್ರಿಯಂವದಾ ಬೆರಳಿನಿಂದ ಒಂದು ಹನಿ ರಕ್ತ ತೆಗೆದು ನೋಡಿ, "ಬೆಲ್ಲಾ ತಿಂದಮ್ಯಾಲೂ ಇಷ್ಟ ಅದ ಅಂದ್ರ, ಮೊದಲು ಎಷ್ಟು ಇಳದಿತ್ತೋ ಏನೋ!" ಎಂದರು. ತಕ್ಷಣ ಗ್ಲುಕೋಸ್ ಸಲಾಯಿನ್ ಹಚ್ಚಿಸಿ, ರಕ್ತವನ್ನು ಲ್ಯಾಬಿಗೆ ಕಳಿಸಿ, ಮಂಚದ ಬದಿಗೆ ಸ್ಟೂಲು ಎಳೆದುಕೊಂಡು ಕುಳಿತರು. ಮಗಳ ವಯಸ್ಸಿನವರು. ಕಟ್ಟುನಿಟ್ಟಿನ ಕಣ್ಣು.

"ಕಾಕಾ, ನಾ ಕೊಟ್ಟಿರೋ ಗುಳಿಗಿಯಿಂದ ಸಕ್ಕರಿ ಹಿಂಗ ಪಾತಾಳಕ್ಕ ಇಳಿಯೋದು ಅಪರೂಪ. ಬ್ಯಾರೆ ಏನರೆ ತಗೊಂಡೀರೇನು?"

"ಇಲ್ರಿ. ನೀವು ಕೊಟ್ಟದ್ದಷ್ಟರಿ."

"ಖರೇ?"

"ಖರೇರಿ."

"ಊಟ ಬಿಟ್ಟದ್ದಕ್ಕ ಆಗಿರಬೇಕು ಹಂಗಾದ್ರ. ಈ ಬಾಟ್ಲಿ ಮುಗದಮ್ಯಾಲೆ ಇನ್ನೊಮ್ಮೆ ನೋಡತೀನಿ, ಸರಿ ಇದ್ರ ಮನಿಗೆ ಹೋಗ್ರಿ."

ಮನೆಗೆ! ಅಷ್ಟೇ? ಸೂಜಿಯ ಸುದ್ದಿಯೇ ಇಲ್ಲ. ಶಟ್ಟೆಪ್ಪ ಕಣ್ಣು ಮುಚ್ಚಿದ. ಬಾಯಿ ಮುಚ್ಚಿಕೊಂಡಿದ್ದರೆ ಸಾಕು, ಎಲ್ಲ ಮುಗಿದುಹೋಗುತ್ತದೆ. ಆದರೆ ಕಣ್ಣು ತೆರೆದಾಗ ಸುಂದರವ್ವನ ಕೈ ಕಂಡಿತು. ಬೆರಳ ಸಂದಿಗಳಲ್ಲಿ ಹಿಸುಕಿದ ಬೆಲ್ಲ ಒಣಗಿ ಅಂಟಿತ್ತು. ತೊಳೆದುಕೊಳ್ಳಲೂ ಅವಳಿಗೆ ನೆನಪಾಗಿರಲಿಲ್ಲ. ತಾನು ಸುಳ್ಳು ಹೇಳಿದ್ದು ಡಾಕ್ಟರರಿಗಲ್ಲ, ಈ ಕೈಗೆ ಎಂದು ಅವನಿಗೆ ಅನಿಸಿತು.

"ಬಾಯಾರ," ಎಂದು ಏಳುತ್ತಿದ್ದವರನ್ನು ಕರೆದ. "ಹಳೇ ಸಣ್ಣ ಗುಳಿಗಿ ಇದ್ದೂವ್ರಿ ಮನ್ಯಾಗ. ನಿನ್ನಿ ಒಂದು ತಗೊಂಡೆ. ಇವತ್ತ ಎರಡು."

ಸುಂದರವ್ವ ಹಣೆ ಹಣೆ ಬಡಿದುಕೊಂಡಳು. ಡಾಕ್ಟರರು ಮತ್ತೆ ಸ್ಟೂಲಿನ ಮೇಲೆ ಕುಳಿತರು. ಅವರು ಬೈಯಲಿಲ್ಲ. ನಿಧಾನವಾಗಿ ಉಸಿರು ಬಿಟ್ಟರು.

"ಹೇಳಿದ್ದು ಭಾಳ ಛಲೋ ಆತು ಕಾಕಾ. ಆ ಗುಳಿಗಿ ಒಮ್ಮೆ ಹೊಟ್ಟಿಗೆ ಹೋತಂದ್ರ ತಾಸುಗಟ್ಟಲೆ ಕೆಲಸ ಮಾಡತದ. ಬೆಲ್ಲದ ಬಲ ಇಳಿದ ಕೂಡಲೇ ಮತ್ತ ಸಕ್ಕರಿ ಇಳಸತದ. ನೀವು ಸುಮ್ಮನೆ ಮನಿಗೆ ಹೋಗಿದ್ರ ಇನ್ನೊಮ್ಮೆ ಬೀಳತಿದ್ರಿ. ಈಗ ಹೋಗೋದಿಲ್ಲ ನೀವು. ನನ್ನ ಕಣ್ಣ ಮುಂದನ ಇರ್ರಿ. ಆದ್ರ ಅದನ್ನ್ಯಾಕ ತಗೊಂಡ್ರಿ?"

ಕಲಿತ ಹೆಣ್ಣುಮಗಳ ಎದುರು ಕಲ್ಲಿನ ಸುದ್ದಿಯನ್ನು ಹೇಗೆ ಎತ್ತುವುದು? ಶಟ್ಟೆಪ್ಪ ಭೀಮಶಿಯ ಕಡೆ ನೋಡಿದ. ಭೀಮಶಿ ಗೋಡೆಯ ಮೇಲಿನ ಕ್ಯಾಲೆಂಡರನ್ನು ಓದತೊಡಗಿದ್ದ.

"ಇರವಿ ಮುತ್ತಿದೂವ್ರಿ," ಎಂದ ಕೊನೆಗೆ, ಚಾದರದ ಅಂಚನ್ನು ನೋಡುತ್ತ. ಆಮೇಲೆ ಒಂದೇ ಉಸಿರಿಗೆ ಎಲ್ಲವನ್ನೂ ಹೇಳಿದ. ಅಪ್ಪ ಹೇಳಿಕೊಟ್ಟದ್ದು, ಕಲ್ಲು ತೊಳೆದದ್ದು, ಕಬ್ಬಿನ ಹೊಲವನ್ನು ಬಿಟ್ಟು ಕಡಲೆ ಹೊಲಕ್ಕೆ ಹೋದದ್ದು, ಭೀಮಶಿಯ ಕಲ್ಲು. "ಗುಳಿಗಿ ಸೋತೈತ್ರಿ ಬಾಯಾರ. ನೀವು ಸೂಜಿ ಹಚ್ಚತೀರಂತ ಅಂಜಿ..."

ಸುಂದರವ್ವ ಭೀಮಶಿಯ ಕಡೆ ತಿರುಗಿದಳು. "ಅಣ್ಣಾ, ನೀನೂ ಕುಂತಿದ್ದೇನು ಕಲ್ಲಿನ ಮ್ಯಾಲೆ?"

"ಗೆಳೆತನಕ್ಕ ಮಾಡೀನವಾ," ಎಂದ ಭೀಮಶಿ ಕ್ಯಾಲೆಂಡರಿನಿಂದ ಕಣ್ಣು ತೆಗೆಯದೆ.

ಡಾಕ್ಟರರು ಕೈಯಿಂದ ಬಾಯಿ ಮುಚ್ಚಿಕೊಂಡರು. ಭುಜ ಕುಲುಕಿತು. ಆದರೆ ಕೈ ತೆಗೆದಾಗ ಮುಖದಲ್ಲಿ ನಗುವಿಗಿಂತ ಹೆಚ್ಚಾಗಿ ಬೇಸರವಿತ್ತು.

"ತಪ್ಪು ನಂದ ಕಾಕಾ. ನಾನು ಅವತ್ತ ಹೇಳಬೇಕಿತ್ತು. ನಿಮ್ಮ ಪರೀಕ್ಷಾದಾಗ ತಪ್ಪಿಲ್ಲ, ಇರವಿನೂ ಸುಳ್ಳು ಹೇಳಿಲ್ಲ. ಒಂದು ಮಾತು ಕೇಳತೀನಿ, ಹೇಳ್ರಿ. ಹೊಲದಾಗ ನೀರು ಜಾಸ್ತಿ ನಿಂತು ಬೆಳಿ ಕೊಳೀಲಿಕ್ಕೆ ಹತ್ತಿದ್ರ ಏನ್ ಮಾಡತೀರಿ?"

"ಒಡ್ಡು ಕಡದು ಹೊರಗ ಬಿಡತೇವ್ರಿ."

"ಒಡ್ಡಿನ ಹೊರಗ ನೀರು ಹರಿಯೋದು ನೋಡಿ ದಾರ್ಯಾಗ ಹೋಗೋ ಮನಷ್ಯಾ, ಅಯ್ಯ ಇವನ ಹೊಲದಾಗ ನೀರು ಇನ್ನೂ ಜಾಸ್ತಿ ಆತು ಅಂದ್ರ?"

"ಅಂವಗ ತಿಳೀಲಿಲ್ಲಂತೇನ್ರಿ. ಹೊರಗ ಹೊಂಟೈತಿ ಅಂದಮ್ಯಾಲ ಒಳಗ ಇಳ್ಯಾಕ ಹತ್ತೈತಿ..."

ಶಟ್ಟೆಪ್ಪನ ಮಾತು ಅಲ್ಲಿಗೇ ನಿಂತಿತು. ತಲೆ ಎತ್ತಿ ಡಾಕ್ಟರರನ್ನು ನೋಡಿದ.

"ಹೌದು," ಎಂದರು ಅವರು. "ಈ ಹೊಸಾ ಗುಳಿಗಿ ಮಾಡೋ ಕೆಲಸ ಅದ. ರಕ್ತದಾಗಿನ ಹೆಚ್ಚಿನ ಸಕ್ಕರಿನ್ನ ಮೂತ್ರದಾಗ ಹೊರಗ ಹಾಕತದ. ಹಳೇ ಗುಳಿಗಿ ಹಂಗ ಮಾಡತಿದ್ದಿಲ್ಲ, ಅದಕ್ಕ ಆವಾಗ ಇರವಿ ಬರತಿದ್ದಿಲ್ಲ. ಈಗ ಬಂದಾವು ಅಂದ್ರ ಗುಳಿಗಿ ತನ್ನ ಕೆಲಸ ಮಾಡಲಿಕ್ಕೆ ಹತ್ತದ ಅಂತ ಅರ್ಥ. ರಕ್ತದಾಗ ಎಷ್ಟದ ಅನ್ನೋದು ಮಾತ್ರ ಇರವಿಗೆ ಗೊತ್ತಾಗೂದಿಲ್ಲ. ಅದಕ್ಕ ರಕ್ತನ ನೋಡಬೇಕು."

ಲ್ಯಾಬಿನ ಕಾಗದ ಮಧ್ಯಾಹ್ನಕ್ಕೆ ಮುಂಚೆಯೇ ಬಂತು. ಮೂರು ತಿಂಗಳ ಸಕ್ಕರೆಯ ಸರಾಸರಿ ದೀಪಾವಳಿಗೆ ಮುಂಚಿನದಕ್ಕಿಂತ ಬಹಳ ಇಳಿದಿತ್ತು. "ಒಂಬತ್ತರ ಮ್ಯಾಲಿತ್ತು, ಈಗ ಏಳಕ್ಕ ಬಂದದ," ಎಂದು ಡಾಕ್ಟರರು ಕಾಗದವನ್ನು ಅವನ ಮುಂದೆ ಹಿಡಿದರು. ಅಂಕಿ ಅವನಿಗೆ ಈಗಲೂ ತಿಳಿಯಲಿಲ್ಲ. ಆದರೆ ಅವರ ಮುಖ ತಿಳಿಯಿತು. ಎದೆಯ ಮೇಲೆ ಕುಳಿತಿದ್ದ ಯಾರೋ ಎದ್ದುಹೋದ ಹಾಗಾಯಿತು.

ಆಮೇಲೆ ಅವರು ಸುಂದರವ್ವನನ್ನು ಹತ್ತಿರ ಕರೆದು ಇಬ್ಬರಿಗೂ ಬಿಡಿಸಿ ಹೇಳಿದರು. ಮೂತ್ರದಲ್ಲಿ ಸಕ್ಕರೆ ಹೋಗುವುದರಿಂದ ಆ ಜಾಗದಲ್ಲಿ ನವೆ, ಉರಿ ಬರಬಹುದು. ತೊಳೆದು ಒಣಗಿಸಿಕೊಳ್ಳಬೇಕು, ಬಂದರೆ ನಾಚಿಕೆ ಬಿಟ್ಟು ಹೇಳಬೇಕು. ವಾಂತಿ, ಭೇದಿ, ಜ್ವರ ಬಂದು ಊಟ ಸೇರದಾದಾಗ, ಇಲ್ಲವೇ ಉಪವಾಸವಿದ್ದಾಗ ಈ ಗುಳಿಗೆಯನ್ನು ನಿಲ್ಲಿಸಿ ಮೊದಲು ಫೋನು ಮಾಡಬೇಕು. "ದೊಡ್ಡ ಗುಳಿಗಿ ಬರೀ ಹೊಟ್ಟ್ಯಾಗ ತಗೊಂಡ್ರ ಹೊಟ್ಟಿ ಕೆಡತೈತ್ರಿ ಇವರಿಗೆ," ಎಂದಳು ಸುಂದರವ್ವ. "ಅದು ಉಂಡಮ್ಯಾಲೇ. ಮತ್ತ ಆ ಸಣ್ಣವು ಇನ್ನ ಮನ್ಯಾಗ ಇರಬಾರದು, ನನಗ ತಂದುಕೊಡ್ರಿ," ಎಂದರು ಡಾಕ್ಟರರು.

"ಹಂಗಾರ ಬಾಯಾರ, ನನ್ನ ಕಲ್ಲಿಗೆ ಇರವಿ ಬರಲಿಲ್ಲ. ನನಗ ಏನೂ ಇಲ್ಲಂದಂಗಲಾ?" ಭೀಮಶಿ ಕ್ಯಾಲೆಂಡರನ್ನು ಬಿಟ್ಟು ಬಂದಿದ್ದ.

"ಹಂಗೇನಿಲ್ಲ. ಶುರುವಿನಾಗ ಇರವಿಗೂ ಗೊತ್ತಾಗೂದಿಲ್ಲ. ಬರ್ರಿ, ಬೆರಳು ಕೊಡ್ರಿ."

"ನಾ ಆರಾಮ ಇದ್ದೇನ್ರಿ," ಎಂದು ಹಿಂದೆ ಸರಿದವನ ರಟ್ಟೆಯನ್ನು ಸುಂದರವ್ವ ಹಿಡಿದಳು. "ಗೆಳೆತನಕ್ಕ ಕೊಡಣ್ಣಾ." ಭೀಮಶಿ ಬೆರಳು ಕೊಡಲೇಬೇಕಾಯಿತು. ಅವನಿಗೆ ಏನೂ ಇರಲಿಲ್ಲ.

ಸಂಜೆಯವರೆಗೂ ಇರಬೇಕಾದ್ದರಿಂದ ಶಟ್ಟೆಪ್ಪ ಮಂಚದ ಮೇಲೆ ಒರಗಿದ್ದ. ಪಕ್ಕದ ಮಂಚದಲ್ಲಿ ಮಥುರಾಬಾಯಿ ಎಂಬ ವಯಸ್ಸಾದ ಹೆಂಗಸಿದ್ದರು. ಸವದತ್ತಿಯಲ್ಲಿ ಶಿಕ್ಷಕಿಯಾಗಿದ್ದು ನಿವೃತ್ತರಾದವರು. ತಮ್ಮನ ಮನೆಗೆಂದು ರಾಮದುರ್ಗಕ್ಕೆ ಬಂದು ಜ್ವರ ಹಿಡಿದಿತ್ತಂತೆ. ಸೊಸೆ ಊಟದ ಡಬ್ಬಿ ತಂದಾಗ ಅವರು ಚೀಲದಿಂದ ಪೆನ್ನಿನಂಥದ್ದನ್ನು ತೆಗೆದು, ಅದರ ತುದಿಯನ್ನು ಕಟಕಟ ತಿರುಗಿಸಿ, ಸೆರಗಿನ ಮರೆಯಲ್ಲಿ ಹೊಟ್ಟೆಗೆ ಒತ್ತಿಕೊಂಡರು. ಸ್ವಲ್ಪ ಹೊತ್ತು ಹಿಡಿದು ತೆಗೆದರು. ಸೊಸೆಯ ಜೊತೆ ಚಟ್ನಿಗೆ ಉಪ್ಪು ಹೆಚ್ಚಾದ ಮಾತು ನಡೆದೇ ಇತ್ತು.

ಶಟ್ಟೆಪ್ಪನಿಗೆ ಅದು ಏನೆಂದು ತಿಳಿಯಲು ಕ್ಷಣ ಹಿಡಿಯಿತು. ತಿಳಿದ ಕೂಡಲೇ ಅವನ ಕಣ್ಣು ಹೋದದ್ದು ಅವರ ಕಾಲಿಗೆ. ಎರಡೂ ಪಾದಗಳಿದ್ದವು. ಬೆರಳುಗಳಲ್ಲಿ ಬೆಳ್ಳಿಯ ಕಾಲುಂಗುರಗಳಿದ್ದವು.

"ಏನ್ ನೋಡಲಿಕ್ಕೆ ಹತ್ತೀರಪ್ಪಾ?" ಎಂದರು ಮಥುರಾಬಾಯಿ.

"ಅಲ್ರಿ ಅಕ್ಕಾರ... ಸೂಜಿ ನೋಯತೈತೇನ್ರಿ?"

"ಸೊಸಿ ಮಾತಿನಷ್ಟು ನೋಯೋದಿಲ್ಲ," ಎಂದರು ಅವರು. ಸೊಸೆ ನಕ್ಕಳು. "ಶಾಲಿ ನೌಕರಿ ಇನ್ನೂ ಭಾಳ ವರ್ಷ ಇತ್ತು, ಆವಾಗ ಶುರು ಆದದ್ದು ಇದು. ಈಗೂ ಎಲ್ಲಮ್ಮನ ಗುಡ್ಡಾ ನಡದ ಹತ್ತತೀನಿ. ಈ ಜ್ವರಾ ಒಂದು ಬಿಡಲಿ."

"ನಮ್ಮ ಅಣ್ಣಗ ಸೂಜಿ ಹಚ್ಚಿದ ವರ್ಷನ ಕಾಲು ಹೋತ್ರಿ."

ಸಲಾಯಿನ್ ಬಾಟ್ಲಿಯನ್ನು ನೋಡಲು ಬಂದಿದ್ದ ಡಾಕ್ಟರರು ಇದನ್ನು ಕೇಳಿಸಿಕೊಂಡರು. "ಲಗಮಪ್ಪ ಅವರದೇನು? ಅವರು ಬಂದಾಗನ ಗಾಯ ಎಲುವಿಗೆ ಇಳದಿತ್ತು ಕಾಕಾ. ವರ್ಷಗಟ್ಟಲೆ ಗುಳಿಗಿ ಬಿಟ್ಟಿದ್ರು. ಕಾಲು ತಗದದ್ದು ಸಕ್ಕರಿ, ಸೂಜಿ ಅಲ್ಲ. ಸೂಜಿ ಹಚ್ಚಿದ್ದಕ್ಕ ಜೀವ ಉಳೀತು."

ಶಟ್ಟೆಪ್ಪ ಇಷ್ಟು ದಿನ ತಾನು ಕಂಡಿದ್ದ ದಾರಿಯನ್ನು ಹಿಂದುಮುಂದಾಗಿ ನೋಡುತ್ತ ಮಲಗಿದ. ಮುಂದೆ ಎಂದಾದರೂ ಸೂಜಿ ಬಂದರೂ ಬರಲಿ ಎಂದು ಅನಿಸಿತು. ಅನಿಸಿದ್ದಕ್ಕೆ ತಾನೇ ಆಶ್ಚರ್ಯಪಟ್ಟ. ಆಮೇಲೆ ಗಾಢವಾಗಿ ನಿದ್ದೆ ಬಂತು. ನಡುನಡುವೆ ಯಾರೋ ಬಂದು ಬೆರಳು ಚುಚ್ಚಿದ್ದೂ ಅವನಿಗೆ ಸರಿಯಾಗಿ ತಿಳಿಯಲಿಲ್ಲ.

ಸಂಜೆ ಹೊರಡುವಾಗ ಡಾಕ್ಟರರು ಅವನ ಎರಡೂ ಪಾದಗಳನ್ನು ಹಿಡಿದು ತಿರುಗಿಸಿ ನೋಡಿ, ಒಂದೇ ಒಂದು ಮಾತಿಗೆ ಗದರಿಸಿದರು: ಇನ್ನು ಮೇಲೆ ಹೊಲಕ್ಕೆ ಬರಿಗಾಲಲ್ಲಿ ಹೋಗಕೂಡದು. ಅದಕ್ಕೇ ಸುಂದರವ್ವ ಟಂಟಂ ಹತ್ತುವ ಮೊದಲು ಅವನನ್ನು ಪೇಟೆಯ ಚಪ್ಪಲಿ ಅಂಗಡಿಗೆ ಎಳೆದುಕೊಂಡು ಹೋದಳು.

"ನೀರು ಹಾಯಿಸುವಾಗ ಚಪ್ಪಲಿ ಹಾಕ್ಕೊಂಡ್ರ ಸಾಲು ತುಂಬಿದ್ದು ತಿಳೀತೈತೇನ?" ಎಂದು ಶಟ್ಟೆಪ್ಪ ಗೊಣಗಿದ.

"ಬರಿಗಾಲಾಗ ಭಾಳ ತಿಳಕೊಂಡ್ರಿ ಇವತ್ತ," ಎಂದಳು ಅವಳು.

ಅಂಗಡಿಯವನು ಕೆಸರಿಗೆ ತಡೆಯುವ ದಪ್ಪ ರಬ್ಬರಿನ ಜೋಡೊಂದನ್ನು ತೊಡಿಸಿ, ಮಂಡಿಯೂರಿ ಕುಳಿತು, ಸರಿಯಾಗಿ ಕುಳಿತಿದೆಯೇ ಎಂದು ಹೆಬ್ಬೆರಳಿನಿಂದ ಅವನ ಕಾಲ್ಬೆರಳುಗಳನ್ನು ಒಂದೊಂದಾಗಿ ಒತ್ತುತ್ತ ಹೋದ.

"ಎಲ್ಲೆರೆ ಹಿಡೀತೈತೇನ್ರಿ ಕಾಕಾ?"

ಶಟ್ಟೆಪ್ಪ ಕಿರುಬೆರಳು ಮುಗಿಯುವವರೆಗೆ ಒಂದೊಂದು ಬೆರಳನ್ನೂ ಎಣಿಸುತ್ತ ಕಾದ.

"ಎಲ್ಲೂ ಹಿಡ್ಯಾಕ ಹತ್ತಿಲ್ಲ," ಎಂದ. "ಆ ಇನ್ನೊಂದು ಕಾಲೂ ಒತ್ತಿ ನೋಡು."